ರಾಮಪ್ರಸಾದರ ಎರಡನೆಯ ಮದುವೆ

ಹೋದ ವರ್ಷ ಅರ್ಧ ಯುರೋಪು ನನ್ನನ್ನು ರಾಮಪ್ರಸಾದರ ಮೊದಲ ಹೆಂಡತಿ ಎಂದು ನಂಬಿತ್ತು. ನನಗೆ ಸುಧೀರ್ ಎಂಬ ಸ್ವಂತ ಗಂಡನಿದ್ದಾನೆ, ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಈ ಸುದ್ದಿ ಕೇಳಿ ಅವನು ನಗಲು ಶುರುಮಾಡಿದವನು ಇನ್ನೂ ನಿಲ್ಲಿಸಿಲ್ಲ. ಆದ್ದರಿಂದ ನಡೆದದ್ದನ್ನು ನಾನೇ ಬರೆದಿಡುವುದು ವಾಸಿ. ನಾನು ಹೇಳಬೇಕೆಂದಿರುವುದು ನನ್ನ ಪಕ್ಕದ ಮನೆಯ ಗೆಳತಿ, ರಾಮಪ್ರಸಾದರ ಹೆಂಡತಿ ವಿಶಾಲಾಕ್ಷಿಯ ಕತೆ. ಆದರೆ ಹೆಂಗಸರ ಕತೆ ಹೇಳಹೊರಟರೆ ಮೊದಲು ಗಂಡನೇ ಬಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾನೆ, ಏನು ಮಾಡೋಣ. ಅವರನ್ನೇ ಮೊದಲು ಮುಗಿಸಿಬಿಡುತ್ತೇನೆ.

ರಾಮಪ್ರಸಾದರು ಮೈಸೂರಿನವರು. ಬ್ಯಾಂಕೊಂದರ ಕಂಪ್ಯೂಟರ್ ವಿಭಾಗಕ್ಕೆಂದು ವೀಸಾ ಮೇಲೆ ಬಂದು ಲಂಡನ್ನಿನಲ್ಲೇ ಉಳಿದರು. ಐವತ್ತು ದಾಟಿದ ಮೇಲೆ ಬ್ಯಾಂಕು ಅವರ ವಿಭಾಗವನ್ನೇ ಮುಚ್ಚಿತು. ಆ ವಯಸ್ಸಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಪುಣ್ಯಕ್ಕೆ ಸುಳ್ಳು ಸುದ್ದಿ ಪತ್ತೆ ಮಾಡುವ ಸಂಸ್ಥೆಯೊಂದು ಅವರನ್ನು ತೆಗೆದುಕೊಂಡಿತು. ಫ್ಯಾಕ್ಟ್‌ಚೆಕ್ ಅನ್ನುತ್ತಾರಲ್ಲ, ಅದು. ಮೊಬೈಲಿನಲ್ಲಿ ಓಡಾಡುವ ಸುದ್ದಿಯನ್ನು ಹಿಡಿದು, ಅದರ ಜನ್ಮ ಜಾಲಾಡಿ, ನಿಜ, ಸುಳ್ಳು, ಅರೆನಿಜ ಎಂದು ಮುದ್ರೆ ಒತ್ತುವ ಕೆಲಸ. ಯುರೋಪಿನ ಉದ್ದಗಲಕ್ಕೂ ಇಂಥ ಸಂಸ್ಥೆಗಳಿವೆ, ಅವುಗಳಲ್ಲಿ ಕೆಲವು ಸೇರಿ ಒಂದು ಕೂಟ ಕಟ್ಟಿಕೊಂಡಿವೆ. ಏಕೆಂದರೆ ಸುಳ್ಳಿಗೆ ವೀಸಾ ಬೇಡ. ಬೆಳಗ್ಗೆ ಸ್ಪೇನಿನಲ್ಲಿ ಹುಟ್ಟಿದ್ದು ಸಂಜೆಗೆ ಪೋಲೆಂಡಿನಲ್ಲಿ ಅಲ್ಲಿಯ ಬಟ್ಟೆ ತೊಟ್ಟು ನಿಂತಿರುತ್ತದೆ.

ಆ ಕೆಲಸ ಸಿಗುವ ಮೊದಲೂ ರಾಮಪ್ರಸಾದರು ಅದನ್ನೇ ಮಾಡುತ್ತಿದ್ದರು, ಸಂಬಳವಿಲ್ಲದೆ. ನಮ್ಮ ಕನ್ನಡ ಕೂಟದ ಯುಗಾದಿಯಲ್ಲಿ ಅಧ್ಯಕ್ಷರು ಖುಷಿಯಲ್ಲಿ ‘ಸಾವಿರ ಜನ ಸೇರಿದ್ದೀರಿ’ ಅಂದಾಗ ಇವರು ಎದ್ದು ನಿಂತು, ಈ ಹಾಲ್‌ನಲ್ಲಿ ಅಷ್ಟು ಜನ ಸೇರಿದ್ದರೆ ಅದು ಅಗ್ನಿಶಾಮಕ ನಿಯಮಕ್ಕೆ ವಿರುದ್ಧವಾಗುತ್ತಿತ್ತು ಎಂದರು. ನಾನೊಮ್ಮೆ ಮೈಸೂರುಪಾಕು ಕೊಟ್ಟು ಹೇಗಿದೆ ಎಂದು ಕೇಳಿದೆ. ಅಗಿದರು, ಯೋಚಿಸಿದರು.

“ಸಿಹಿಯಾಗಿದೆ ಮೀರಾ ಅವರೇ. ಮೈಸೂರುಪಾಕು ಅನ್ನೋದಕ್ಕೆ ಆಧಾರ ಸಾಲದು” ಅಂದರು.

ಯಥಾರ್ಥವಾದಿ ಲೋಕವಿರೋಧಿ ಅನ್ನುವುದು ಸುಮ್ಮನೆ ಅಲ್ಲ. ಮೈಸೂರಿನ ಅವರ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸೇರಿ ಇನ್ನೊಂದು ಗುಂಪು ಮಾಡಿಕೊಂಡಿದ್ದಾರೆ. ಅದೂ ಅವರಿಗೆ ಗೊತ್ತು. ಪರಿಶೀಲಿಸಿದ್ದಾರೆ.

ವಿಶಾಲಾಕ್ಷಿ ಧಾರವಾಡದ ಹುಡುಗಿ. ಹುಡುಗಿ ಅನ್ನುತ್ತೇನೆ, ಐವತ್ತಾರು ಅವಳಿಗೆ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ. ಸೇರುವುದರಲ್ಲಿದ್ದಳು, ಅಷ್ಟರಲ್ಲಿ ಮದುವೆಯಾಯಿತು. ಇಲ್ಲಿಗೆ ಬಂದ ಮೇಲೆ ಪಾರ್ಕ್ ರಾಯಲ್‌ನಲ್ಲಿ ರೆಡಿಮೇಡ್ ತಿಂಡಿ ಮಾಡುವ ಫ್ಯಾಕ್ಟರಿಯೊಂದಕ್ಕೆ ಪ್ಯಾಕಿಂಗಿಗೆ ಸೇರಿದಳು, ಈಗ ಶಿಫ್ಟ್ ಸೂಪರ್‌ವೈಸರ್. ಕೈಕೆಳಗೆ ರೊಮೇನಿಯಾದವರು, ಸೊಮಾಲಿಯಾದವರು, ಗುಜರಾತಿಗಳು. ಸಿಟ್ಟು ಬಂದರೆ ಎಲ್ಲರಿಗೂ ಧಾರವಾಡದ ಕನ್ನಡವೇ. “ಏ ತಮ್ಮಾ, ಗ್ಲೌಸ್ ಹಾಕ್ಕೋ ಅಂದ್ನಿಲ್ಲ?” ಅಂದರೆ ಆರಡಿ ಎತ್ತರದ ರೊಮೇನಿಯಾದವನು ಹಾಕಿಕೊಳ್ಳುತ್ತಾನೆ. ನಾನೇ ಕಣ್ಣಾರೆ ನೋಡಿದ್ದೇನೆ.

ಮನೆಗೆ ಬಂದರೆ ಮಾತ್ರ ಅವಳ ಬಾಯಲ್ಲಿ ಒಂದೇ ಮಾತು, “ಆತು”. ಎಜ್‌ವೇರಿನಲ್ಲಿ ಮನೆ ತೆಗೆದುಕೊಳ್ಳೋಣವೇ? ಆತು. ಈ ವರ್ಷ ಊರಿಗೆ ಹೋಗುವುದು ಬೇಡವೇ? ಆತು. ಅವಳ ಮಗಳು ಪ್ರಾಚಿ ಹೇಸ್‌ನ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷು. “ಮಮ್ ಈಸ್ ಓಕೆ ವಿತ್ ಎವ್ರಿಥಿಂಗ್, ಮೀರಾ ಆಂಟಿ” ಅನ್ನುತ್ತಿರುತ್ತಾಳೆ.

ರಾಮಪ್ರಸಾದರಿಗೆ ಅರವತ್ತು ತುಂಬಿತು. ನಮ್ಮಲ್ಲಿ ಗಂಡಸಿಗೆ ಅರವತ್ತಾದರೆ ಷಷ್ಟ್ಯಬ್ದಿ. ಅದೇ ಹೆಂಡತಿಗೆ ಮತ್ತೆ ಹಾರ ಹಾಕಿ, ಮತ್ತೆ ತಾಳಿ ಕಟ್ಟಿ, ಮಕ್ಕಳೇ ಮುಂದೆ ನಿಂತು ಮಾಡಿಸುವ ಮದುವೆ. ಪ್ರಾಚಿ ಇದನ್ನೆಲ್ಲ ಗುಟ್ಟಾಗಿ ಏರ್ಪಾಡು ಮಾಡಿದಳು. ಹೇಸ್‌ನಲ್ಲಿ ಕೌನ್ಸಿಲ್ಲಿನ, ಅಂದರೆ ಅಲ್ಲಿಯ ಪುರಸಭೆಯ, ಹಾಲ್ ಬುಕ್ ಮಾಡಿದಳು, ಪುರೋಹಿತರನ್ನು ಹಿಡಿದಳು, ನೇರಳೆ ಬಣ್ಣದ ರೇಷ್ಮೆ ಸೀರೆ ತಂದಳು. ವಿಶಾಲಾಕ್ಷಿಗೆ ಗೊತ್ತಾದದ್ದು ಆ ದಿನ ಬೆಳಗ್ಗೆ, ಸೀರೆ ಕೈಗೆ ಬಂದಾಗ. ಸೀರೆ ನೋಡಿದಳು, ಮಗಳನ್ನು ನೋಡಿದಳು. ಆತು ಅಂದಳು.

ಹಾಲ್‌ನೊಳಗೆ ಬೆಂಕಿ ಹಚ್ಚಬಾರದೆಂದು ಕೌನ್ಸಿಲ್ಲಿನವರು ಹೇಳಿದ್ದರಿಂದ ಹೋಮವನ್ನು ಹಿಂದಿನ ಕಾರ್ ಪಾರ್ಕಿನಲ್ಲಿ ಮಾಡಿದೆವು. ಗಾಳಿ ಎದ್ದಿತು. ಹೊಗೆಯೆಲ್ಲ ನನ್ನ ಮುಖಕ್ಕೇ ಬಂತು, ನನ್ನ ಜಾತಕವೇ ಹಾಗೆ. ಪ್ರಾಚಿ ತೆಗೆದ ಫೋಟೋದಲ್ಲಿ ರಾಮಪ್ರಸಾದರು ವಿಶಾಲಾಕ್ಷಿಗೆ ತಾಳಿ ಕಟ್ಟುತ್ತಿದ್ದಾರೆ, ಅವಳು ಹೊಸದಾಗಿ ಕೂದಲು ಕತ್ತರಿಸಿಕೊಂಡು ಹೊಸ ಕನ್ನಡಕ ಹಾಕಿಕೊಂಡಿದ್ದಾಳೆ. ಹಿಂದೆ ಸಾಸಿವೆ ಬಣ್ಣದ ಸೀರೆಯುಟ್ಟ ನಾನು ಸೆರಗಿನಿಂದ ಕಣ್ಣು ಒತ್ತಿಕೊಂಡು ಗೋಳೋ ಎಂದು ಅಳುತ್ತಿದ್ದೇನೆ. ಪ್ರಾಚಿ ಆ ಫೋಟೋವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ ಕೆಳಗೆ ಇಂಗ್ಲಿಷಿನಲ್ಲಿ ಬರೆದಳು: ‘ಅಪ್ಪನ ಎರಡನೇ ಮದುವೆ. ಅಮ್ಮನದು ಏನೂ ತಕರಾರಿಲ್ಲ!’

ನಮ್ಮವರು ನೋಡಿ ನಕ್ಕರು. ಆದರೆ ಆ ಫೋಟೋ ನಮ್ಮವರ ಹತ್ತಿರವೇ ಉಳಿಯಲಿಲ್ಲವಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ದೇಶದಲ್ಲೂ ಇದ್ದಾರೆ. ವಾರದೊಳಗೆ ಅದು ‘ಲಂಡನ್ ಕೌನ್ಸಿಲ್ ಹಾಲ್‌ನಲ್ಲಿ ಸರ್ಕಾರಿ ಖರ್ಚಿನ ಎರಡನೇ ಮದುವೆ’ ಆಯಿತು. ಫ್ರಾನ್ಸಿಗೆ ಹೋಗುವಷ್ಟರಲ್ಲಿ ಪ್ರತಿ ಪುರಸಭೆಯೂ ಇನ್ನು ಇಂಥ ಹಾಲ್ ಕಟ್ಟಿಸಬೇಕು ಎಂದಾಯಿತು. ಇಟಲಿಯಲ್ಲಿ ನನ್ನ ಮುಖವನ್ನೇ ದೊಡ್ಡದು ಮಾಡಿ, ‘ಮೊದಲ ಹೆಂಡತಿಯ ಕಣ್ಣೀರು’ ಎಂದು ಹಾಕಿದರು. ಮತ್ತೊಂದು ಕಡೆ, ಅರವತ್ತು ತುಂಬಿದ ಗಂಡಸಿಗೆಲ್ಲ ಯುರೋಪಿನ ಹೊಸ ಕಾನೂನಿನ ಪ್ರಕಾರ ಎರಡನೇ ಹೆಂಡತಿ ಎಂದು ಬಂತು. ಫಿನ್‌ಲೆಂಡಿನಲ್ಲಿ ಇಬ್ಬರು ಮುದುಕರು ಅರ್ಜಿ ಎಲ್ಲಿ ಸಿಗುತ್ತದೆಂದು ಫೋನ್ ಮಾಡಿ ಕೇಳಿದರಂತೆ. ಅವರ ಹೆಂಡತಿಯರು ಹಿಂದೆ ನಿಂತಿರಲಿಲ್ಲವೋ ಏನೋ.

ನನ್ನ ಗತಿ ಕೇಳಿ. ನಾನು ಎಜ್‌ವೇರಿನ ಜಿ.ಪಿ. ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. ಅಪಾಯಿಂಟ್‌ಮೆಂಟು ಕೊಡಲಿಲ್ಲವೆಂದು ನನ್ನನ್ನು ಬೈಯುತ್ತಿದ್ದ ಪೇಷೆಂಟುಗಳೆಲ್ಲ ಇದ್ದಕ್ಕಿದ್ದಂತೆ ಮೆತ್ತಗಾದರು. ಒಬ್ಬ ಐರಿಷ್ ಅಜ್ಜಿ ನನ್ನ ಕೈ ಹಿಡಿದು ಹೆಂಗಸರ ಸಹಾಯವಾಣಿಯ ನಂಬರು ಕೊಟ್ಟಳು. ಅದು ಹೋಮದ ಹೊಗೆ ಕಣಮ್ಮಾ ಎಂದು ವಿವರಿಸಿದೆ. ಪಾಪ, ಹಾಗೆ ಹೇಳು ಅಂತ ಅವನೇ ಹೇಳಿಕೊಟ್ಟನೇ ಎಂದು ಅವಳೂ ಅತ್ತಳು.

ಪ್ರಾಚಿಗೆ ಫೋನ್ ಮಾಡಿ ಚೆನ್ನಾಗಿ ಉಗಿದೆ. “ಇಟ್ ವಾಸ್ ಅ ಜೋಕ್, ಆಂಟಿ!” ಅಂತ ಅಳುದನಿ ತೆಗೆದಳು. ಫೋಟೋ ತೆಗೆದುಹಾಕಿದಳು. ಹಾಕಿದ್ದನ್ನು ತೆಗೆಯಬಹುದು, ಹೋದದ್ದನ್ನು ಹಿಡಿಯುವುದು ಯಾರು?

ಹಿಡಿಯುವ ಕೆಲಸ ಬಂದದ್ದು ರಾಮಪ್ರಸಾದರ ಮೇಜಿಗೇ. ಒಂದು ಸೋಮವಾರ ಅವರು ಆಫೀಸಿನಲ್ಲಿ ಕಂಪ್ಯೂಟರ್ ತೆರೆದರೆ ಆ ದಿನ ಪರಿಶೀಲಿಸಬೇಕಾದ ಸುದ್ದಿಯಾಗಿ ತಾವೇ ಹಾರ ಹಾಕಿಕೊಂಡು ನಿಂತಿದ್ದರು. ಬೇರೆ ಯಾರೇ ಆಗಿದ್ದರೂ ಸದ್ದಿಲ್ಲದೆ ‘ಸುಳ್ಳು’ ಎಂದು ಮುದ್ರೆ ಒತ್ತಿ ಟೀ ಕುಡಿಯಲು ಹೋಗುತ್ತಿದ್ದರು. ಇವರು ನೇರ ಮೇಲಧಿಕಾರಿಯ ಹತ್ತಿರ ಹೋಗಿ, ಇದು ನಾನು, ನಾನು ಇದನ್ನು ಮುಟ್ಟುವ ಹಾಗಿಲ್ಲ ಅಂದರು. ಆ ಸಂಸ್ಥೆಗಳ ಕೂಟದ ನಿಯಮವೂ ಹಾಗೇ ಇತ್ತು. ಒಂದು ಸಂಸ್ಥೆಯ ಉದ್ಯೋಗಿಯ ಮೇಲೆ ಬಂದ ಸುದ್ದಿಯನ್ನು ಬೇರೆ ದೇಶದ ಸಂಸ್ಥೆಯೇ ಪರಿಶೀಲಿಸಬೇಕು. ಅಲ್ಲಿಯವರೆಗೆ ಆ ಉದ್ಯೋಗಿ ಮನೆಯಲ್ಲಿರಬೇಕು. ಕೊನೆಗೆ ‘ಸುಳ್ಳು’ ಎಂದೇ ಮುದ್ರೆ ಬಿದ್ದರೆ ಸರಿ, ‘ಅರೆನಿಜ’ ಎಂದು ಬಿದ್ದರೂ ಕೆಲಸ ಹೋಯಿತು. ಅರವತ್ತರ ಮನುಷ್ಯ, ಆ ಕೆಲಸ ಬಿಟ್ಟರೆ ಅವರಿಗೆ ಏನೂ ಇರಲಿಲ್ಲ. ಬೆಳಗ್ಗೆ ಏಳುವುದೇ ಅದಕ್ಕೆ ಅನ್ನುವ ಹಾಗೆ ಇದ್ದರು.

ಪರಿಶೀಲನೆ ಸ್ಲೊವೇನಿಯಾದ ಸಂಸ್ಥೆಗೆ ಬಿತ್ತು. ಪೆತ್ರಾ ಎಂಬ ಹುಡುಗಿ, ಮೂವತ್ತರ ಆಸುಪಾಸು, ಗುಂಡು ಕನ್ನಡಕ, ಬಹಳ ಶಿಸ್ತು. ವಿಡಿಯೋ ಕಾಲ್ ಮಾಡಿ ಮೊದಲು ರಾಮಪ್ರಸಾದರನ್ನು ಕೇಳಿದಳು, ನೀವು ಎರಡನೇ ಮದುವೆಯಾದದ್ದು ನಿಜವೇ?

“ಎರಡನೇದಲ್ಲ. ಮೂರನೇದು” ಅಂದರು ನಮ್ಮ ಹರಿಶ್ಚಂದ್ರರು.

ಅಲ್ಲೇ ಕೂತಿದ್ದ ನಾನು ಅವರ ತೋಳು ಹಿಡಿದು ಜಗ್ಗಿದೆ. ಅವರು ಶಾಂತವಾಗಿ ವಿವರಿಸಿದರು. ಮೊದಲನೆಯದು ಧಾರವಾಡದ ಛತ್ರದಲ್ಲಿ, ಶಾಸ್ತ್ರೋಕ್ತವಾಗಿ. ಅದನ್ನು ನೋಂದಾಯಿಸಿರಲಿಲ್ಲ, ಹಾಗಾಗಿ ವೀಸಾ ಸಮಯದಲ್ಲಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಇನ್ನೊಂದು. ಮೂರನೆಯದು ಹೇಸ್‌ನಲ್ಲಿ.

“ಮುಂದೆ ಮದುವೆಯಾಗುವ ಉದ್ದೇಶವಿದೆಯೇ?” ಎಂದು ಪೆತ್ರಾ ಕೇಳಿದಳು. ನಿಯಮದ ಪ್ರಶ್ನೆಯೋ, ಪಾಪ ಗಾಬರಿಯೋ, ತಿಳಿಯಲಿಲ್ಲ.

“ಎಪ್ಪತ್ತಕ್ಕೆ ಭೀಮರಥ ಶಾಂತಿ ಇದೆ. ಎಂಬತ್ತರ ಮೇಲೆ ಸಹಸ್ರಚಂದ್ರದರ್ಶನ. ಆಗಲೂ ತಾಳಿ ಕಟ್ಟೋ ಪದ್ಧತಿ ಇದೆ” ಅಂದವರು, ತಪ್ಪು ಮಾಹಿತಿ ಆಗಬಾರದೆಂದು, “ಬದುಕಿದ್ದರೆ” ಎಂದು ಸೇರಿಸಿದರು.

ಪೆತ್ರಾ ಎಲ್ಲವನ್ನೂ ಬರೆದುಕೊಂಡಳು. ಸುಳ್ಳು ಸುದ್ದಿ ಹಬ್ಬಿಸಿದವರು ಪಾಪ ಎರಡೇ ಅಂದಿದ್ದರು.

ಆಮೇಲೆ ಮೂರೂ ವಧುಗಳು ಒಬ್ಬಳೇ ಎಂದು ಸಾಬೀತು ಮಾಡುವ ಕೆಲಸ. ಮೊದಲ ಮದುವೆಯ ಫೋಟೋದಲ್ಲಿ ವಿಶಾಲಾಕ್ಷಿ ಕಡ್ಡಿಯ ಹಾಗಿದ್ದಾಳೆ, ಮೊಣಕಾಲುದ್ದ ಜಡೆ, ಕೆಳಗೆ ಮಾಡಿದ ಮುಖ. ಆ ಫೋಟೋವನ್ನೂ ಹೇಸ್‌ನ ಫೋಟೋವನ್ನೂ ಮುಖ ಗುರುತಿಸುವ ಯಂತ್ರಕ್ಕೆ ಕೊಟ್ಟರೆ ಯಂತ್ರ ಇವರು ಬೇರೆ ಬೇರೆ ಅಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಫೋಟೋದ ವಧುವಿಗೆ ಹೆಚ್ಚು ಹೋಲುವವಳು ಹಿಂದೆ ನಿಂತು ಅಳುತ್ತಿರುವ ಸಾಸಿವೆ ಸೀರೆಯವಳು ಎಂದಿತು. ಸುಧೀರ್ ಸೋಫಾದಿಂದ ಕೆಳಗೆ ಬಿದ್ದು ನಕ್ಕ. ಕೊನೆಗೆ ವಿಶಾಲಾಕ್ಷಿಯ ಹಳೆಯ ಪಾಸ್‌ಪೋರ್ಟುಗಳನ್ನೆಲ್ಲ ತೆಗೆದು ಸಾಲಾಗಿ ತೋರಿಸಿದೆವು. ಜಡೆ ಗಿಡ್ಡವಾಗುತ್ತ, ಮುಖ ತುಂಬುತ್ತ, ಕನ್ನಡಕ ಏರುತ್ತ ಒಬ್ಬಳೇ ಹೆಂಗಸು ಇತ್ತ ನಡೆದುಬಂದದ್ದು ಪೆತ್ರಾಳಿಗೆ ಕಂಡಿತು. ವಿಶಾಲಾಕ್ಷಿಯೂ ಬಗ್ಗಿ ಅವುಗಳನ್ನು ಬಹಳ ಹೊತ್ತು ನೋಡಿದಳು.

ಉಳಿದದ್ದು ಒಂದೇ ಪ್ರಶ್ನೆ ಎಂದಳು ಪೆತ್ರಾ. ಕೆಲವು ದೇಶಗಳಲ್ಲಿ ‘ಬಲವಂತದ ಮದುವೆ’ ಎಂದೂ ಸುದ್ದಿ ಓಡಿತ್ತು. ಆದ್ದರಿಂದ ವಧುವನ್ನು ಅವಳ ತಾಯ್ನುಡಿಯಲ್ಲಿ, ಗಂಡ ಮನೆಯಲ್ಲಿಲ್ಲದಾಗ ಕೇಳಬೇಕು. ಅನುವಾದ ಮಾಡುವವರು ನಿಷ್ಪಕ್ಷಪಾತಿ ಆಗಿರಬೇಕು. ಕನ್ನಡ ಬಲ್ಲವರು ಅವರ ಕೂಟದಲ್ಲಿ ಇದ್ದದ್ದು ರಾಮಪ್ರಸಾದರೊಬ್ಬರೇ. ಪೆತ್ರಾ ಯೋಚಿಸಿ ನನ್ನನ್ನೇ ಆರಿಸಿದಳು. ಸುದ್ದಿಯ ಪ್ರಕಾರ ನಾನು ಅವರು ಕೈಬಿಟ್ಟ ಹೆಂಡತಿ, ನಿಜದ ಪ್ರಕಾರ ಪಕ್ಕದ ಮನೆಯವಳು. ಎರಡು ರೀತಿಯಲ್ಲಿ ನೋಡಿದರೂ ಅವರ ಪರ ವಹಿಸಲು ನನಗೆ ಕಾರಣವಿಲ್ಲವಂತೆ. ತಲೆ ಚಚ್ಚಿಕೊಂಡು ಒಪ್ಪಿಕೊಂಡೆ.

ಶನಿವಾರ ಮಧ್ಯಾಹ್ನ ರಾಮಪ್ರಸಾದರನ್ನು ನಮ್ಮ ಮನೆಗೆ ಕಳಿಸಿ ಸುಧೀರನ ಜತೆ ಕ್ರಿಕೆಟ್ ಮುಂದೆ ಕೂರಿಸಿದೆವು. ನಾನೂ ವಿಶಾಲಾಕ್ಷಿಯೂ ಅವಳ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಒಂದು ಹೂಂ ಅಂದರೆ ಮುಗಿಯಿತು, ಆಮೇಲೆ ಚಹಾ ಮಾಡೋಣ ಅಂದುಕೊಂಡಿದ್ದೆ.

ಪೆತ್ರಾ ಕೇಳಿದಳು. ನಾನು ಕನ್ನಡಕ್ಕೆ ತಂದೆ. “ವಿಶಾಲೂ, ಈ ಮದುವೆಗಳಿಗೆ ನಿನ್ನ ಒಪ್ಪಿಗೆ ಇತ್ತಾ ಅಂತ ಕೇಳ್ತಿದಾಳೆ.”

ವಿಶಾಲಾಕ್ಷಿ ಈ ಸಲ ಆತು ಅನ್ನಲಿಲ್ಲ.

“ನನ್ನ ಯಾರೂ ಕೇಳಿಲ್ಲಲ್ಲ” ಅಂದಳು.

“ಅಂದ್ರೆ?”

“ಅಂದ್ರ ಕೇಳಿಲ್ಲ. ಅವರು ನನ್ನ ನೋಡ್ಲಿಕ್ಕೆ ಬಂದಾಗ ಉಪ್ಪಿಟ್ಟು, ಶಿರಾ ಮಾಡಿದ್ವಿ. ಅವರಪ್ಪ ನಮ್ಮಪ್ಪನ್ನ ಕೇಳಿದ್ರು. ನಮ್ಮಪ್ಪ ಅಜ್ಜನ್ನ ಕೇಳಿದ. ಅಜ್ಜ ಜೋಯಿಸರನ್ನ ಕೇಳಿದ. ಜೋಯಿಸರು ನಕ್ಷತ್ರ ಕೇಳಿದ್ರು. ನನಗ ಹಾಡ್ಲಿಕ್ಕೆ ಬರ್ತದೇನು ಅಂತ ಕೇಳಿದ್ರು. ಅಷ್ಟ. ರಿಜಿಸ್ಟ್ರಾರ್ ಆಫೀಸ್ನಾಗ ಇಲ್ಲಿ ಸೈನ್ ಮಾಡ್ರಿ ಅಂದ್ರು, ಮಾಡಿದೆ. ಮೊನ್ನೆ ಪ್ರಾಚಿ ಸೀರಿ ಕೊಟ್ಳು, ಉಟ್ಕೊಂಡೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯವಿತ್ತು. “ಇಷ್ಟ ವರ್ಷದಾಗ ಒಪ್ಪಿಗಿ ಅದ ಏನು ಅಂತ ಕೇಳಿದಾಕಿ ಈ ಹುಡುಗಿನ ಮೊದಲು, ನೋಡು ಮೀರಾ.”

ನನ್ನನ್ನೂ ಯಾರೂ ಕೇಳಿರಲಿಲ್ಲ. ಇದನ್ನೆಲ್ಲ ಇಂಗ್ಲಿಷಿಗೆ ತರಲು ನನಗೆ ಸಮಯ ಹಿಡಿಯಿತು. ನಕ್ಷತ್ರವನ್ನು ಕೇಳಿದರು ಎಂಬುದನ್ನು ಪೆತ್ರಾಳಿಗೆ ಎರಡು ಸಲ ಹೇಳಬೇಕಾಯಿತು.

“ಹಾಗಾದರೆ ಇಲ್ಲ ಎಂದು ಬರೆದುಕೊಳ್ಳಲೇ?” ಎಂದಳು ಅವಳು, ಮೆಲ್ಲಗೆ.

“ಏ, ಇಲ್ಲ ಅಂತ ನಾ ಎಲ್ಲಿ ಅಂದೆ? ಈಗ ಕೇಳ್ಯಾಳಲ್ಲ. ವಿಚಾರ ಮಾಡಿ ಹೇಳ್ತೀನಂತ ಹೇಳು.”

ಅಲ್ಲಿಗೆ ಆ ಸುದ್ದಿಯ ಮುಂದೆ ‘ಪರಿಶೀಲನೆಯಲ್ಲಿದೆ’ ಎಂಬ ಪಟ್ಟಿ ಬಿತ್ತು.

ನಾನು ಮನೆಗೆ ಹೋಗಿ ಹೇಳಿದಾಗ ರಾಮಪ್ರಸಾದರು ಟಿ.ವಿ. ಕಡೆಯೇ ನೋಡುತ್ತಿದ್ದರು. ರಿಮೋಟು ಕೆಳಗಿಟ್ಟು, “ಪ್ರಶ್ನೆ ನ್ಯಾಯವಾಗಿದೆ” ಅಂದರು.

ಮುಂದಿನ ದಿನಗಳನ್ನು ನೆನೆಸಿಕೊಂಡರೆ ನಗುವುದೋ ಅಳುವುದೋ ತಿಳಿಯುವುದಿಲ್ಲ. ಆರೋಪ ಇರುವವನು ಸಾಕ್ಷಿಯ ಮೇಲೆ ಪ್ರಭಾವ ಬೀರಬಾರದು ಎಂದು ನಿಯಮ. ಸಾಕ್ಷಿ ಅದೇ ಮನೆಯಲ್ಲಿ, ಅದೇ ಮಂಚದಲ್ಲಿ. ರಾಮಪ್ರಸಾದರು ಹವಾಮಾನದ ವಿಷಯ ಬಿಟ್ಟು ಬೇರೆ ಮಾತಾಡುವುದನ್ನು ನಿಲ್ಲಿಸಿದರು. ಒಂದು ಬೆಳಗ್ಗೆ ಅವರಿಗೆ ಹೆಂಡತಿಗೆ ಕಾಫಿ ಮಾಡಿಕೊಡಬೇಕು ಅನ್ನಿಸಿತಂತೆ. ಅದು ಪ್ರಭಾವ ಬೀರಿದ ಹಾಗಾಗುತ್ತದೆಯೇ ಎಂದು ಪೆತ್ರಾಳಿಗೆ ಇಮೇಲ್ ಮಾಡಿ ಕೇಳಿದರು. ಪ್ರತಿದಿನ ಮಾಡಿಕೊಡುವ ರೂಢಿ ಇದ್ದರೆ ಧಾರಾಳವಾಗಿ ಮಾಡಬಹುದು ಎಂದು ಉತ್ತರ ಬಂತು.

ನನಗೆ ಆ ಉತ್ತರ ತೋರಿಸಿದರು. “ನಾನು ಯಾವತ್ತೂ ಮಾಡಿಕೊಟ್ಟಿಲ್ಲ ಮೀರಾ ಅವರೇ. ಒಂದು ದಿನಾನೂ ಇಲ್ಲ. ಹಾಗಾಗಿ ಈಗ ಮಾಡೋ ಹಾಗಿಲ್ಲ.”

“ಅಯ್ಯೋ, ನಿಮ್ಮ ಸತ್ಯಕ್ಕಿಷ್ಟು ಬೆಂಕಿ ಹಾಕ! ದಿನಾ ಮಾಡ್ತೀನಿ ಅಂತ ಅಂದ್ರೆ ಆ ಹುಡುಗಿ ಸ್ಲೊವೇನಿಯಾದಿಂದ ಬಂದು ಪಾತ್ರೆ ಮುಟ್ಟಿ ನೋಡ್ತಾಳಾ?” ಅಂತ ರೇಗಿದೆ. ಅವರು ತಲೆಯಾಡಿಸಿದರು. ಬೆಳಗಾಗೆದ್ದು ನುಣ್ಣಗೆ ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ತಮ್ಮದೇ ಮನೆಯ ಸೋಫಾದ ತುದಿಯಲ್ಲಿ ಕೂರುತ್ತಿದ್ದರು.

“ಏನ್ ಸಾರ್ ಇದು, ಹೆಣ್ಣು ನೋಡೋಕೆ ಬಂದೋರ ಥರ ಕೂತಿದೀರಲ್ಲ?”

“ಹೆಣ್ಣು ನೋಡೋಕೆ ಹೋದಾಗ ನಾನು ಹೀಗೆ ಕೂತಿರಲಿಲ್ಲ. ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಂಡೆ. ಆಗ ಹೂಂ ಅಂತಾರೆ ಅನ್ನೋದು ಗೊತ್ತಿತ್ತು.” ಕೈ ಹೊಸೆದುಕೊಂಡರು. “ಈಗ ಗೊತ್ತಿಲ್ಲ. ನಂಗೆ ಭಯ ಆಗ್ತಿದೆ ಮೀರಾ ಅವರೇ. ಕೆಲಸದ್ದಲ್ಲ. ಕೆಲಸ ಹೋದ್ರೆ ಹೋಯ್ತು.”

ಆ ಸಂಜೆ ಸಿಟ್ಟಿನಲ್ಲೇ ಹೋಗಿ ವಿಶಾಲಾಕ್ಷಿಯನ್ನು ವಾಕಿಂಗಿಗೆ ಹೊರಡಿಸಿದೆ. ಟ್ಯೂಬ್ ಸ್ಟೇಷನ್ನಿನ ಹತ್ತಿರ ಬರುವವರೆಗೂ ತಡೆದುಕೊಂಡಿದ್ದು ಅಲ್ಲಿ ಸಿಡಿದುಬಿದ್ದೆ. “ಒಂದು ಹೂಂ ಅನ್ನೋಕೆ ಏನೇ ನಿಂಗೆ ಧಾಡಿ? ಅವರ ಕೆಲಸ ಹೋಗುತ್ತೆ, ಗೊತ್ತಾ?”

“ಗೊತ್ತದ. ಸುಳ್ಳ ಹೇಳಿ ಉಳಿಸಿಕೊಟ್ರ ಮೊದಲು ಅವರೇ ಒಪ್ಪಾಂಗಿಲ್ಲ.”

ಅವಳು ನಡೆಯುತ್ತ ಒಂದೊಂದೇ ಹೇಳಿದಳು. ಎಂ.ಎಸ್ಸಿ. ಮಾಡಲೇ ಎಂದು ಮದುವೆಯಾದ ಹೊಸದರಲ್ಲಿ ಅವರನ್ನು ಕೇಳಿದ್ದಳಂತೆ. ಬೇಡ ಅನ್ನಲಿಲ್ಲ ಅವರು, ಮಾಡು ಅಂತಲೂ ಅನ್ನಲಿಲ್ಲ, ಪ್ರವೇಶದ ಕೊನೆಯ ದಿನಾಂಕ ಸರಿಯಾಗಿ ಹೇಳಿದರು. ಹೋಳಿಗೆ ಹೇಗಾಗಿದೆ ಎಂದರೆ ಕಣಕ ದಪ್ಪವಾಯಿತು ಅನ್ನುತ್ತಾರೆ. ಸೀರೆ ಒಪ್ಪುತ್ತದೆಯೇ ಎಂದರೆ ಯಾವುದಕ್ಕೆ ಹೋಲಿಸಿ ಅನ್ನುತ್ತಾರೆ. ನಾನು, ಹಾಗಾದರೆ ಇಲ್ಲ ಅಂದುಬಿಡು ಎಂದು ಹೇಳುವುದರಲ್ಲಿದ್ದೆ.

“ನಮ್ಮವ್ವ ಸತ್ತಾಗ ನಾ ಇಲ್ಲೇ ಇದ್ದೆ” ಅಂದಳು. “ಫೋನ್ನಾಗ ಎಲ್ಲಾರೂ ಏನಂದ್ರು? ನಿದ್ದಿಯೊಳಗ ಸುಖವಾಗಿ ಹೋದ್ಲು ಅಂದ್ರು. ಅಣ್ಣ ಅಂದ, ಅತ್ತಿಗಿ ಅಂದ್ಳು. ಇವರು ಒಬ್ರು ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ರು. ಕೇಳಿ ಬಂದು ನನ್ನ ಮುಂದ ಕೂತು ಹೇಳಿದ್ರು, ನಿಮ್ಮಮ್ಮ ಎರಡು ದಿನ ಒದ್ದಾಡಿದ್ರು, ನಿನ್ನ ಹೆಸರು ಹಿಡಿದು ಕರೀತಿದ್ರು ಅಂತ. ನನಗ ಎಷ್ಟ ಸಿಟ್ಟ ಬಂತಂದ್ರ, ವರ್ಷಗಟ್ಲೆ ಆ ಸಿಟ್ಟ ಇತ್ತು. ಹೇಳಬೇಕಾಗಿತ್ತೇನು ಅದನ್ನ?”

“ಹೇಳಬಾರದಿತ್ತು” ಅಂದೆ. ನನಗೆ ನಿಜಕ್ಕೂ ಹಾಗನ್ನಿಸಿತು.

“ಈಗ ಹಂಗನ್ಸಂಗಿಲ್ಲ ನನಗ. ಅವ್ವ ನನ್ನ ಕರದಿದ್ಲು ಅನ್ನೋದು ನನಗ ಗೊತ್ತಾತಲ್ಲ. ಆಕಿ ಕಡೀ ಮಾತು ನನಗ ತಂದು ಕೊಟ್ಟವರು ಇವರೊಬ್ರ. ಉಳದವರೆಲ್ಲ ಅದನ್ನ ಮುಚ್ಚಿ ಇಟ್ಟಿದ್ರು.” ಅವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು, ರಸ್ತೆಯಲ್ಲೇ ನಿಂತು. ನಾನೂ ಅತ್ತೆ. ಬಸ್ ಸ್ಟಾಪಿನಲ್ಲಿದ್ದ ಒಬ್ಬ ನನ್ನನ್ನು ಗುರುತಿಸಿ ಕನಿಕರದಿಂದ ನೋಡಿದ. ಹಾಳಾಗಿ ಹೋಗಲಿ ಎಂದು ಸುಮ್ಮನಾದೆ.

ಮಂಗಳವಾರ ಸಂಜೆ ಪಾರ್ಕ್ ರಾಯಲ್‌ನಿಂದ ಬಂದವಳು ತಲೆಯ ಮೇಲಿನ ಬಲೆಟೊಪ್ಪಿಯನ್ನೂ ತೆಗೆಯದೆ ನನಗೆ ಫೋನ್ ಮಾಡಿದಳು. ಆ ಹುಡುಗಿಗೆ ಕಾಲ್ ಮಾಡು, ಹೇಳೋದದ ಅಂದಳು. ನಾನು ಓಡಿದೆ. ನನ್ನನ್ನು ನೋಡಿದ್ದೇ ರಾಮಪ್ರಸಾದರಿಗೆ ಅರ್ಥವಾಯಿತು. ನಿಯಮದ ಪ್ರಕಾರ ತಾವು ಮನೆಯಲ್ಲಿರಬಾರದೆಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಕಸದ ಡಬ್ಬಿಗಳ ಪಕ್ಕ ನಿಂತರು. ಮಳೆ ಜಿನುಗುತ್ತಿತ್ತು. ಕೊಡೆ ಒಳಗೇ ಬಿಟ್ಟಿದ್ದರು, ತೆಗೆದುಕೊಳ್ಳಲು ಮತ್ತೆ ಒಳಗೆ ಬರಲಿಲ್ಲ.

ಪೆತ್ರಾ ಪರದೆಯ ಮೇಲೆ ಬಂದಳು. ಪ್ರಶ್ನೆ ಮತ್ತೆ ಕೇಳಿದಳು.

“ಹೂಂ ಅಂತ ಬರಕೊಳ್ಳಿಕ್ಕೆ ಹೇಳು” ಅಂದಳು ವಿಶಾಲಾಕ್ಷಿ.

ನನಗೆ ಹೋದ ಜೀವ ಬಂದ ಹಾಗಾಯಿತು. ಪೆತ್ರಾಳೂ ನಕ್ಕಳು. ಹಾಗಾದರೆ ಮೂರೂ ಮದುವೆಗಳಿಗೂ ಒಪ್ಪಿಗೆ ಇತ್ತು ಎಂದು ಬರೆಯುತ್ತೇನೆ ಎಂದಳು.

“ಹಂಗ ಬರದ್ರ ಸುಳ್ಳಾಗ್ತದ” ಎಂದಳು ವಿಶಾಲಾಕ್ಷಿ. ಫ್ಯಾಕ್ಟರಿಯಲ್ಲಿ ಮಾತಾಡುವ ದನಿ ಅದು, ಮನೆಯಲ್ಲಿ ನಾನು ಎಂದೂ ಕೇಳಿರಲಿಲ್ಲ. “ಅವು ಮೂರಕ್ಕೂ ಯಾರೂ ನನ್ನ ಕೇಳಿಲ್ಲ, ನಾ ಏನೂ ಹೇಳಿಲ್ಲ. ಇದು ಇವತ್ತ ಕೇಳ್ಯಾಳ, ಇವತ್ತ ಹೇಳೀನಿ. ಇವತ್ತಿನ ತಾರೀಖು ಹಾಕಂತ ಹೇಳು.”

ನಾನು ಅನುವಾದಿಸಿದೆ. ಪೆತ್ರಾ ಟೈಪ್ ಮಾಡುವುದನ್ನು ನಿಲ್ಲಿಸಿ ಕನ್ನಡಕ ತೆಗೆದಳು. ನಿಯಮದಲ್ಲಿ ಇದಕ್ಕೆ ಜಾಗವಿದೆಯೋ ನೋಡಬೇಕು ಅಂದಳು. ನೋಡಿದಳು. ಇತ್ತಂತೆ.

ಶುಕ್ರವಾರ ಬೆಳಗ್ಗೆ ಪೆತ್ರಾಳ ತೀರ್ಪು ಸಂಸ್ಥೆಗಳ ಕೂಟದ ವೆಬ್‌ಸೈಟಿನಲ್ಲಿ ಬಂತು. ವಿಶಾಲಾಕ್ಷಿ ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದಳು, ರಾಮಪ್ರಸಾದರು ಬಾಗಿಲಲ್ಲೇ ನಿಂತು ಫೋನಿನಲ್ಲಿ ಓದಿದರು. ತೀರ್ಪು ಕೇಳಲೆಂದೇ ಬಂದಿದ್ದ ನಾನು ಅವರ ಫೋನು ಇಸಕೊಂಡು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ.

‘ತೀರ್ಪು: ಸುಳ್ಳು. ಲಂಡನ್ನಿನ ರಾಮಪ್ರಸಾದ್ ಎರಡು ಮದುವೆಯಾಗಿಲ್ಲ. ಸಮಾರಂಭಗಳು ಹಲವು ನಡೆದಿವೆ. ವಧುವಿನ ಒಪ್ಪಿಗೆ ಕೇಳಿ, ಅವರು ಒಪ್ಪಿ ಆದ ಮದುವೆ ಒಂದೇ. ಅದು ಕಳೆದ ಮಂಗಳವಾರ ಎಜ್‌ವೇರಿನ ಅಡುಗೆಮನೆಯಲ್ಲಿ ನಡೆಯಿತು. ಆ ಸಮಯದಲ್ಲಿ ವರ ಹೊರಗಿದ್ದರು.’

ಕೊನೆಯಲ್ಲಿ, ಫೋಟೋದಲ್ಲಿ ಅಳುತ್ತಿರುವ ಮಹಿಳೆಗೂ ಈ ಪ್ರಕರಣಕ್ಕೂ ಸಂಬಂಧವಿಲ್ಲ, ಅದು ಹೊಗೆ, ಎಂದೂ ಒಂದು ಸಾಲಿತ್ತು. ಅದನ್ನು ಗಟ್ಟಿಯಾಗಿ ಇನ್ನೊಂದು ಸಲ ಓದಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಕೆಲಸ ಉಳಿಯಿತು ಎಂದು ರಾಮಪ್ರಸಾದರು ಅನ್ನಲಿಲ್ಲ. ತಪ್ಪು ಹುಡುಕಲಿಲ್ಲ. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಒರೆಸಿಕೊಳ್ಳುವುದೂ ಅವರಿಗೆ ತೋಚಲಿಲ್ಲ.

“ಆಗ ನಾನೂ ಒಳಗೆ ಇರಬೇಕಿತ್ತು, ಅಲ್ವಾ ವಿಶಾಲಾ?”

ವಿಶಾಲಾಕ್ಷಿ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವರ ಕಡೆಗೆ ಸರಿಸಿದಳು.

“ಈಗರ ಬಂದೀರಲ್ಲ” ಅಂದಳು. “ಕೂಡ್ರಿ.”